ಒಂಬತ್ತನೆಯ ದಿನದ ರಕ್ತ

ಬೆಳಗಿನ ಆರೂವರೆ. ತುಮಕೂರಿನ ಒಂದು ಆಸ್ಪತ್ರೆಯ ನೆಲಮಹಡಿಯ ಲ್ಯಾಬಿನಲ್ಲಿ ಮಂಗಳಗೌರಿ ಒಂದು ಪುಟ್ಟ ಸೀಸೆಯನ್ನು ಅಂಗೈಯೊಳಗೆ ಮುಚ್ಚಿ ಹಿಡಿದು ನಿಂತಿದ್ದಾರೆ. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಸೀಸೆ. ಅದರ ತಣುಪು ಇಳಿಯುವವರೆಗೆ ಕಾಯಬೇಕು, ಇಲ್ಲದಿದ್ದರೆ ಒಳಗಿರುವ ಔಷಧ ಸುಳ್ಳು ಹೇಳುತ್ತದೆ. ಡಿಸೆಂಬರ್ ತಿಂಗಳ ಚಳಿ ಕಿಟಕಿಯ ಸಂದಿಯಿಂದ ನುಗ್ಗುತ್ತಿದೆ. ಎದುರಿನ ಮೇಜಿನ ಮೇಲೆ ಕಪ್ಪು ಗಾಜಿನ ಸ್ಲೈಡು, ಅದರ ಮೇಲೆ ಬಿಳಿಯ ಗೆರೆಯಲ್ಲಿ ಕೊರೆದ ಆರು ಸುತ್ತುಗಳು. ಪಕ್ಕದ ಕೊಳವೆಯಲ್ಲಿ ಮೂಳೆ ವಾರ್ಡಿನ ಹದಿನಾಲ್ಕನೇ ಹಾಸಿಗೆಯ ರಕ್ತ. ಅದು ಹೆಪ್ಪುಗಟ್ಟಿ ಕೆಳಗಿಳಿದಿದೆ, ಮೇಲೆ ಹೊಂಬಣ್ಣದ ತಿಳಿ ನಿಂತಿದೆ. ಆ ತಿಳಿಯನ್ನೇ ಸೀರಮ್ ಎನ್ನುತ್ತಾರೆ.

ಅವರು ಮೊದಲ ಸುತ್ತಿಗೆ ಸೀರಮ್ಮಿನ ಒಂದು ತೊಟ್ಟು ಬಿಡುತ್ತಾರೆ. ಅದರ ಮೇಲೆ ಸೀಸೆಯ ಹಾಲುಬಣ್ಣದ ಔಷಧದ ಒಂದು ತೊಟ್ಟು. ಕಡ್ಡಿಯಿಂದ ಕಲಸಿ, ಸ್ಲೈಡನ್ನು ಎರಡು ಕೈಯಲ್ಲಿ ಹಿಡಿದು ತೊಟ್ಟಿಲು ತೂಗಿದಂತೆ ತೂಗುತ್ತಾರೆ. ಮುಂಗೈಯ ಒಳಬದಿಗೆ ಕಟ್ಟಿದ ಗಡಿಯಾರದ ಮೇಲೆ ಕಣ್ಣು. ಎರಡು ನಿಮಿಷ ಮಾತ್ರ, ಅದಕ್ಕಿಂತ ಹೆಚ್ಚಾದರೆ ತೊಟ್ಟು ಒಣಗಿ ಮತ್ತೊಂದು ಸುಳ್ಳು ಹುಟ್ಟುತ್ತದೆ. ರಕ್ತದಲ್ಲಿ ಸೋಂಕಿನ ಸುಳಿವು ಇದ್ದರೆ ಆ ತೊಟ್ಟು ಒಡೆದ ಹಾಲಿನಂತೆ ಕಾಳುಕಾಳಾಗಬೇಕು. ಎರಡು ನಿಮಿಷ ಮುಗಿಯುತ್ತದೆ. ಮೂಡಣ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ತೊಟ್ಟು ನುಣ್ಣಗಿದೆ. ಒಂದು ಕಾಳೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ‘ನೆಗೆಟಿವ್’ ಎಂದು ಬರೆದು, ಕೈ ತೊಳೆದು, ಕಾಫಿಗೆ ಹೋಗುತ್ತಿದ್ದರು. ಮಂಗಳಗೌರಿ ಮಾತ್ರ ಪೆನ್ನು ಮುಟ್ಟುವುದಿಲ್ಲ. ಹನ್ನೊಂದು ವರ್ಷಗಳ ಹಿಂದೆ ಇಷ್ಟೇ ನುಣ್ಣಗಿದ್ದ ಒಂದು ತೊಟ್ಟನ್ನು ನಂಬಿ ಅವರು ಸಹಿ ಹಾಕಿದ್ದರು. ಅವರು ಸಲೈನ್ ನೀರಿನ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಇನ್ನೂ ಐದು ಸುತ್ತುಗಳು ಉಳಿದಿವೆ.

ಹದಿನಾಲ್ಕನೇ ಹಾಸಿಗೆಯಲ್ಲಿರುವವನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ತಿಮ್ಮೇಶ್, ಇಪ್ಪತ್ತನಾಲ್ಕರ ಹರೆಯದವನು, ಲಗೇಜ್ ಆಟೋ ಓಡಿಸುವವನು. ಒಂಬತ್ತು ದಿನಗಳ ಹಿಂದೆ ಎಳನೀರು ತುಂಬಿದ ಆಟೋ ತಿರುವಿನಲ್ಲಿ ಮಗುಚಿ, ಅವನ ಎಡ ಮೊಳಕಾಲಿನ ಕೆಳಗಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಅದೇ ದಿನ ಆಪರೇಷನ್ ಆಗಿ ಮೂಳೆಯೊಳಗೆ ರಾಡ್ ಸೇರಿತು. ಈ ದಿನ ಹತ್ತು ಗಂಟೆಗೆ ಅವನಿಗೆ ಡಿಸ್ಚಾರ್ಜ್. ಅವನ ಹಾಸಿಗೆಗೆ ಗುಬ್ಬಿಯಿಂದ ಬಂದ ಇನ್ನೊಬ್ಬ ರೋಗಿ ನಿನ್ನೆಯಿಂದ ವರಾಂಡದಲ್ಲಿ ಕಾಯುತ್ತಿದ್ದಾನೆ.

ಚರ್ಮ ಸೀಳಿ ಹೊರಬಂದ ಮೂಳೆಗೆ ಮಣ್ಣು ತಗುಲಿರುತ್ತದೆ. ತೊಳೆದು, ಸೇರಿಸಿ, ಹೊಲಿದ ಮೇಲೂ ಒಳಗೆಲ್ಲೋ ಸೋಂಕು ಅವಿತು ಕುಳಿತಿರಬಹುದು. ಮೇಲಿನ ಹೊಲಿಗೆ ಒಣಗಿ ಚೆಂದವಾಗಿ ಕಾಣುತ್ತಿರುವಾಗಲೇ ಒಳಗೆ ಕೀವು ಮೂಳೆಯನ್ನು ತಿನ್ನುತ್ತಿರಬಹುದು. ಕಣ್ಣಿಗೆ ಕಾಣುವ ಹೊತ್ತಿಗೆ ಕಾಲು ಉಳಿಯದಂತಾಗಿರುತ್ತದೆ. ಆದರೆ ದೇಹಕ್ಕೆ ಅದು ಮೊದಲೇ ಗೊತ್ತು. ಪೆಟ್ಟೋ ಸೋಂಕೋ ತಗುಲಿದ ಕೂಡಲೇ ಯಕೃತ್ತು ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಲ್ಯಾಬಿನವರು ಅದನ್ನು ಸಿ.ಆರ್.ಪಿ. ಎಂದು ಕರೆಯುತ್ತಾರೆ. ಆಪರೇಷನ್ ಆದ ಎರಡು ಮೂರನೆಯ ದಿನ ಅದು ಏರಿಯೇ ಏರುತ್ತದೆ, ಅದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ. ಆಮೇಲೆ ದಿನದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದುದು ಮತ್ತೆ ಏರಿತೆಂದರೆ ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ.

“ಒಂದ್ ದಿನದ ರಕ್ತ ಏನೂ ಹೇಳಲ್ಲ,” ಎನ್ನುತ್ತಾರೆ ಮಂಗಳಗೌರಿ. “ಬಾವಿಗೆ ಒಂದ್ಸಲ ಬಗ್ಗಿ ನೋಡಿದ್ರೆ ನೀರು ಏರ್ತಾ ಇದ್ಯೋ ಇಳೀತಾ ಇದ್ಯೋ ಹೆಂಗ್ ಗೊತ್ತಾಗ್ಬೇಕು? ಮತ್ತೆ ಮತ್ತೆ ಬಗ್ಗಿ ನೋಡ್ಬೇಕು.”

ಹಾಗೆ ದಿನ ಬಿಟ್ಟು ದಿನ ಬಗ್ಗಿ ನೋಡುವುದೇ ಅವರ ಕೆಲಸದ ಕ್ರಮ. ಸೀರಮ್ಮಿಗೆ ಸಲೈನ್ ಬೆರೆಸಿ ಅರ್ಧಕ್ಕೆ, ಕಾಲಿಗೆ, ಅರೆಕಾಲಿಗೆ, ಹೀಗೆ ಮೂವತ್ತೆರಡರಲ್ಲಿ ಒಂದು ಪಾಲಿನವರೆಗೆ ತೆಳುವಾಗಿಸಿ ಆರು ಸುತ್ತುಗಳಿಗೂ ಹಾಕುತ್ತಾರೆ. ಎಷ್ಟನೆಯ ಸುತ್ತಿನವರೆಗೆ ಕಾಳು ಕಟ್ಟಿತು ಎನ್ನುವುದು ಆ ದಿನದ ಅಳತೆ. ಮಗಳು ಯಶಸ್ವಿನಿ ಶಾಲೆಯಲ್ಲಿ ಬಳಸಿ ಬಿಟ್ಟ ಗ್ರಾಫ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಪ್ರತಿ ರೋಗಿಗೂ ಒಂದು ಗೆರೆ. ತಿಮ್ಮೇಶನ ಗೆರೆ ಮೂರನೆಯ ದಿನ ಐದನೇ ಸುತ್ತಿನಲ್ಲಿತ್ತು, ಐದನೆಯ ದಿನ ನಾಲ್ಕಕ್ಕೆ, ಏಳನೆಯ ದಿನ ಮೂರಕ್ಕೆ ಇಳಿದಿತ್ತು. ಒಂಬತ್ತನೆಯ ದಿನವಾದ ಇಂದು ಮೊದಲ ಸುತ್ತೇ ನುಣ್ಣಗಿದೆ. ಮೇಲ್ನೋಟಕ್ಕೆ ಇಳಿಜಾರಿನ ಗೆರೆ ನೆಲಕ್ಕೆ ಬಂದು ಮುಟ್ಟಿದಂತೆಯೇ ಇದೆ. ಮೋಸವಿರುವುದು ಅಲ್ಲೇ.

ಮಂಗಳಗೌರಿಯವರು ಹುಟ್ಟಿದ್ದೂ ಕೊತ್ತಗೆರೆಯಲ್ಲಿಯೇ. ತಂದೆ ಸಿದ್ದಯ್ಯ ಊರಿನ ಶಾಲೆಯ ಜವಾನರಾಗಿದ್ದವರು. ಮೂವತ್ತು ವರ್ಷ ಗಂಟೆ ಬಾರಿಸಿದ ಆ ಮನುಷ್ಯ ಒಂದು ದಿನವೂ ಒಂದು ನಿಮಿಷ ಮುಂಚೆ ಬಾರಿಸಿದವರಲ್ಲವಂತೆ. ಮಕ್ಕಳು ಎಷ್ಟು ಗೋಗರೆದರೂ ಗಡಿಯಾರದ ಮುಳ್ಳನ್ನು ತೋರಿಸಿ ಸುಮ್ಮನಿರುತ್ತಿದ್ದರಂತೆ. ಕುಣಿಗಲ್ಲಿನಲ್ಲಿ ಪಿ.ಯು.ಸಿ., ತುಮಕೂರಿನಲ್ಲಿ ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಮುಗಿಸಿದ ಮಗಳು 1993ರಲ್ಲಿ ಈ ಆಸ್ಪತ್ರೆಯ ಕೆಲಸಕ್ಕೆ ಸೇರಿದರು. ಮನೆ ಉಪ್ಪಾರಹಳ್ಳಿಯಲ್ಲಿ. ಅಲ್ಲಿಂದ ನಡೆದೇ ಬರುತ್ತಾರೆ. ಈಗ ಅವರಿಗೆ ನಲವತ್ತಮೂರು. ದಿನಕ್ಕೆ ಅರವತ್ತರಿಂದ ಎಪ್ಪತ್ತು ಸ್ಯಾಂಪಲ್ಲುಗಳು ಅವರ ಕೈ ದಾಟುತ್ತವೆ. ವರದಿಯ ತಲೆಯಲ್ಲಿ ಆಸ್ಪತ್ರೆಯ ಹೆಸರು, ಕೆಳಗೆ ವೈದ್ಯರ ಹೆಸರು. ಇವರದು ಮೂಲೆಯಲ್ಲಿ ಒಂದು ಪುಟ್ಟ ಸಹಿ ಮಾತ್ರ, ಅದನ್ನು ಓದಿದವರು ಯಾರೂ ಇರಲಿಕ್ಕಿಲ್ಲ. ಶಾಲು ಹೊದಿಸಲು ವರ್ಷವಿಡೀ ಹೆಗಲು ಹುಡುಕುವ ನಮ್ಮ ಸಂಘಸಂಸ್ಥೆಗಳು ಲ್ಯಾಬಿನ ಬಾಗಿಲವರೆಗೆ ಬಂದದ್ದಿಲ್ಲ. ಗುಣವಾದವರು ಡಾಕ್ಟರಿಗೆ ಕೈ ಮುಗಿದು ಹೋಗುತ್ತಾರೆ. ಗುಣವಾಗದವರು ದೇವರನ್ನು ದೂರುತ್ತಾರೆ. ನಡುವೆ ನಿಂತು ನಿಜ ಹೇಳಿದವರ ನೆನಪು ಯಾರಿಗೂ ಬರುವುದಿಲ್ಲ.

1996ರಲ್ಲಿ ಸಿ.ಆರ್.ಪಿ. ಪರೀಕ್ಷೆಯ ಕಿಟ್ ಆ ಆಸ್ಪತ್ರೆಗೆ ಹೊಸದಾಗಿ ಬಂದಿತ್ತು. ಡಬ್ಬಿಯೊಳಗೆ ನಾಲ್ಕು ಮಡಿಕೆಯ ಒಂದು ಸೂಚನಾ ಪತ್ರ, ಎರಡೂ ಕಡೆ ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಹಿರಿಯ ತಂತ್ರಜ್ಞರು ಅದರ ಮುಂಬದಿಯನ್ನು ತೋರಿಸಿ, ಒಂದು ತೊಟ್ಟು ಸೀರಮ್, ಒಂದು ತೊಟ್ಟು ಔಷಧ, ಕಾಳು ಕಟ್ಟಿದರೆ ಇದೆ, ಕಟ್ಟದಿದ್ದರೆ ಇಲ್ಲ, ಇಷ್ಟೇ ಎಂದು ಹೇಳಿಕೊಟ್ಟರು. ಪತ್ರವನ್ನು ಗೋಡೆಗೆ ಅಂಟಿಸಿದರು. ಅಂಟಿಸಿದ ಮೇಲೆ ಹಿಂಬದಿ ಗೋಡೆಯ ಪಾಲಾಯಿತು.

ಆ ವರ್ಷ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಿಂದ ಕರಿಸಿದ್ದಪ್ಪ ಎಂಬುವರು ಬಂದರು. ತೆಂಗಿನಮರ ಹತ್ತಿ ಕಾಯಿ ಕೀಳುವುದರಲ್ಲಿ ಆ ಸುತ್ತಿಗೇ ಹೆಸರಾದವರು. ಮರದಿಂದ ಬಿದ್ದು ಅವರಿಗೂ ಮೊಳಕಾಲಿನ ಕೆಳಗಿನ ಮೂಳೆಯೇ ಮುರಿದು ಹೊರಗೆ ಬಂದಿತ್ತು. ಆಪರೇಷನ್ ಆದ ಹತ್ತನೆಯ ದಿನ, ಕಾಲು ಯಾಕೋ ಬಿಗಿಯುತ್ತದೆ ಎಂದು ಅವರು ಹೇಳಿದ್ದಕ್ಕೆ ಅಂದಿನ ಸರ್ಜನ್ ಡಾ. ವೆಂಕಟರಂಗಯ್ಯ ಹೊಸ ಪರೀಕ್ಷೆ ಮಾಡಿಸಲು ಬರೆದರು. ಮಂಗಳಗೌರಿ ಒಂದು ತೊಟ್ಟು ಹಾಕಿದರು. ತೊಟ್ಟು ನುಣ್ಣಗೆ ಉಳಿಯಿತು. ‘ನೆಗೆಟಿವ್’ ಎಂದು ಬರೆದರು. ಕರಿಸಿದ್ದಪ್ಪ ಊರಿಗೆ ಹೋದರು. ಮೂರು ವಾರಗಳ ಮೇಲೆ ಅವರನ್ನು ಮಂಚದ ಸಮೇತ ಟೆಂಪೊದಲ್ಲಿ ಹೊತ್ತು ತಂದಾಗ ಕಾಲು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಮೊಳಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಲ್ಯಾಬಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಊರಿಗೆ ಹೋಗಿ ಗಾಯ ಕೆಡಿಸಿಕೊಂಡ ಎಂದು ಎಲ್ಲರೂ ಸಲೀಸಾಗಿ ಅಂದುಕೊಂಡರು. ಬಡವನ ಕಾಲು ಹೋದಾಗ ತಪ್ಪೂ ಬಡವನದೇ ಆಗಿಬಿಡುವುದು ನಮ್ಮಲ್ಲಿ ಹಳೆಯ ಅನುಕೂಲ. ಆರು ತಿಂಗಳ ಮೇಲೆ ಗೋಡೆಗೆ ಸುಣ್ಣ ಹೊಡೆಯಲು ಬಂದವರು ಆ ಪತ್ರವನ್ನು ಕಿತ್ತು ಮೇಜಿನ ಮೇಲೆ ಬಿಸಾಡಿದರು, ಬೋರಲಾಗಿ. ಅಂದು ಮಂಗಳಗೌರಿ ಮೊದಲ ಸಲ ಹಿಂಬದಿಯನ್ನು ಓದಿದರು. ಆ ಪ್ರೋಟೀನು ರಕ್ತದಲ್ಲಿ ಅತಿಯಾಗಿದ್ದರೆ ತೆಳುವಾಗಿಸದ ತೊಟ್ಟಿನಲ್ಲಿ ಕಾಳು ಕಟ್ಟದೆಯೇ ಇರಬಹುದು, ಸಂಶಯವಿದ್ದಲ್ಲಿ ಸಲೈನ್ ಬೆರೆಸಿ ಮತ್ತೆ ನೋಡಬೇಕು ಎಂದು ಅಲ್ಲಿ ಎರಡು ಸಾಲು ಇತ್ತು.

ಸೋಂಕು ಸ್ವಲ್ಪ ಇದ್ದಾಗ ಕೂಗುವ ಪರೀಕ್ಷೆ, ಸೋಂಕು ತುಂಬಿ ತುಳುಕುವಾಗ ಬಾಯಿ ಮುಚ್ಚಿಕೊಳ್ಳುವುದೇಕೆ? ಅವರು ಅದನ್ನು ತೆಂಗಿನ ನಾರಿನ ಹಗ್ಗದ ಲೆಕ್ಕದಲ್ಲಿ ತಿಳಿಸುತ್ತಾರೆ. “ಔಷಧದಲ್ಲಿ ಸಣ್ಣಸಣ್ಣ ಮಣಿ ಇರ್ತವೆ. ಪ್ರೋಟೀನ್ ಅನ್ನೋದು ಹಗ್ಗ. ಒಂದೇ ಹಗ್ಗಾನ ಇಬ್ಬರು ಹಿಡ್ಕೊಂಡ್ರೆ ಹತ್ರ ಬರ್ತಾರೆ, ಗುಂಪು ಕಟ್ತಾರೆ, ಕಾಳಾಗಿ ಕಾಣುತ್ತೆ. ಹಗ್ಗ ಜಾಸ್ತಿಯಾಗಿ ಒಬ್ಬೊಬ್ರ ಕೈಗೂ ಬೇರೆ ಬೇರೆ ಸಿಕ್ಕಿಬಿಟ್ರೆ? ಯಾರಿಗೆ ಯಾರೂ ಬೇಡ. ಎಲ್ಲಾ ದೂರ ದೂರ. ನೋಡೋರಿಗೆ ನುಣ್ಣಗೆ ಕಾಣುತ್ತೆ.”

ಮುಂದಿನ ಭಾನುವಾರ ಅವರು ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಗುಬ್ಬಿಯ ಬಸ್ಸು ಹತ್ತಿದರು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಾಗಲವಾಡಿ. ಕರಿಸಿದ್ದಪ್ಪ ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಮರ ಹತ್ತುವ ಕೆಲಸ ಹೋದ ಮೇಲೆ ಅದೇ ಅವರ ಜೀವನ. ಮಂಗಳಗೌರಿ ಮುಂಬದಿ, ಹಿಂಬದಿ ಎರಡನ್ನೂ ತೋರಿಸಿ ಎಲ್ಲವನ್ನೂ ಹೇಳಿದರು. ಆಸ್ಪತ್ರೆಗೂ ಬರೆದುಕೊಡುತ್ತೇನೆ, ಕೆಲಸ ಹೋದರೆ ಹೋಗಲಿ ಎಂದರು. ಆತ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲವಂತೆ. ಹೆಂಡತಿ ಚಿಕ್ಕಮಾರಮ್ಮ ಒಳಗಿನಿಂದ ಬಂದು ಬಾಯಿಗೆ ಬಂದಂತೆ ಬೈದರು. ಆ ಬೈಗುಳವನ್ನು ಮಂಗಳಗೌರಿ ಇಂದಿಗೂ ಒಂದಕ್ಷರ ಬಿಡದೆ ಹೇಳಬಲ್ಲರು, ನ್ಯಾಯವಾದ ಬೈಗುಳ ಎಂದೂ ಸೇರಿಸುತ್ತಾರೆ. ಹೆಂಡತಿ ಸುಸ್ತಾದ ಮೇಲೆ ಕರಿಸಿದ್ದಪ್ಪ ಬಾಯಿ ತೆರೆದರು.

“ನಿಮ್ ನೌಕ್ರಿ ಹೋದ್ರೆ ನನ್ ಕಾಲು ವಾಪಸ್ ಬತ್ತದಾ? ನಿಮ್ ಜಾಗಕ್ಕೆ ಬರೋನು ಕಾಗ್ದದ ಒಂದೇ ಕಡೆ ಓದೋನು. ನೀವು ಈಗ ಎರಡೂ ಕಡೆ ಓದಿದ್ದೀರಿ. ಇರ್ರಿ ಅಲ್ಲೇ. ಇನ್ನೊಬ್ಬನ ಕಾಲು ನೋಡ್ಕಳಿ.”

ಆ ಮಾತಿಗೆ ಕಟ್ಟುಬಿದ್ದು ಅವರು ಆಸ್ಪತ್ರೆಯಲ್ಲಿ ಬಾಯಿ ಬಿಡಲಿಲ್ಲ. ಹಾಗೆ ಬಿಡದಿದ್ದುದು ಸರಿಯೇ? ತಪ್ಪನ್ನು ಮುಚ್ಚಿಟ್ಟವರನ್ನು ಹೊಗಳಲು ಯಾವ ನೀತಿಪಾಠವೂ ಒಪ್ಪುವುದಿಲ್ಲ. ಆದರೆ ಕಾಲು ಕಳೆದುಕೊಂಡವನೇ ವಿಧಿಸಿದ ಶಿಕ್ಷೆಯನ್ನು ಅವರು ಹನ್ನೊಂದು ವರ್ಷ ಅನುಭವಿಸಿದ ರೀತಿಯನ್ನು ನೋಡಿದವರು ತೀರ್ಪಿಗೆ ಅವಸರ ಮಾಡಲಾರರು. ಡಾ. ವೆಂಕಟರಂಗಯ್ಯನವರಲ್ಲಿ ಅವರು ಎರಡು ಅನುಮತಿಗಳನ್ನು ಬೇಡಿದರು. ಮೂಳೆ ವಾರ್ಡಿನ ಪ್ರತಿ ರಕ್ತಕ್ಕೂ ಆರು ಸುತ್ತು ನೋಡುವುದು ಒಂದು. ಡಿಸ್ಚಾರ್ಜ್ ಆಗಿ ಹೋದವರ ಮನೆಗೆ ರಜೆಯ ದಿನ ಹೋಗಿ ರಕ್ತ ತರುವುದು ಇನ್ನೊಂದು. ಕಾರಣ ಕೇಳದೆ ಆ ವೈದ್ಯರು ಬರೆದುಕೊಟ್ಟರು, ಮೂರು ವರ್ಷಗಳ ಹಿಂದೆ ನಿವೃತ್ತರಾಗುವವರೆಗೂ ನಿಭಾಯಿಸಿದರು.

ಅಂದಿನಿಂದ ಭಾನುವಾರಗಳು ಬಸ್ಸಿನ ಪಾಲು. ಒಂದು ವಾರ ಗುಬ್ಬಿಯ ಕಡೆ, ಒಂದು ವಾರ ಕುಣಿಗಲ್ ಕಡೆ. ಕೈಯಲ್ಲಿ ಮಂಜುಗಡ್ಡೆ ತುಂಬಿದ ಫ್ಲಾಸ್ಕು, ಅದರೊಳಗೆ ರಕ್ತದ ಕೊಳವೆಗಳು. ಒಮ್ಮೆ ಕುಣಿಗಲ್ ಬಸ್ಸಿನ ಕಂಡಕ್ಟರ್, ಅಕ್ಕೋ ಒಂದು ಲೋಟ ನಮಗೂ ಕೊಡಿ, ಚಳಿ ಎಂದನಂತೆ. “ಇದನ್ನ ಕುಡಿಯೋವು ಹುಣಸೆಮರದಲ್ಲಿ ಇರ್ತವೆ ಕಣಪ್ಪ,” ಎಂದರಂತೆ ಇವರು. ಆಮೇಲೆ ಆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಸದಾ ಖಾಲಿ. ಹನ್ನೊಂದು ವರ್ಷಗಳಲ್ಲಿ ಆರುನೂರ ಹದಿನೆಂಟು ಮುರಿದ ಮೂಳೆಗಳ ಗೆರೆ ಎಳೆದಿದ್ದಾರೆ. ನಲವತ್ತೊಂದು ಗೆರೆಗಳು ಇಳಿದು ಮತ್ತೆ ಏರಿದವು. ಅವುಗಳಲ್ಲಿ ಮೂವತ್ತನಾಲ್ಕು ಮಂದಿಯ ಮೂಳೆಯ ಬಳಿ ಸೋಂಕು ಇತ್ತು. ಉಳಿದ ಏಳು ಮಂದಿಯಲ್ಲಿ ಕೆಲವರಿಗೆ ಎದೆ ಕಟ್ಟಿತ್ತು, ಕೆಲವರಿಗೆ ಮೂತ್ರದ ಸೋಂಕಿತ್ತು, ಇಬ್ಬರದು ಏನೆಂದೇ ತಿಳಿಯಲಿಲ್ಲ. ಆ ಏಳನ್ನೂ ಕೇಳದೆಯೇ ಹೇಳುತ್ತಾರೆ. ರಕ್ತ ಊರಿನಲ್ಲಿ ಬೆಂಕಿ ಬಿದ್ದಿದೆ ಎನ್ನುತ್ತದೆಯೇ ಹೊರತು ಯಾರ ಮನೆಗೆ ಎಂದು ಹೇಳುವುದಿಲ್ಲ, ಮನೆ ಹುಡುಕಬೇಕಾದವರು ಡಾಕ್ಟರು ಎಂಬುದು ಅವರ ಮಾತು.

ಮತ್ತೆ ಆ ಡಿಸೆಂಬರಿನ ಬೆಳಗಿಗೆ ಬರೋಣ. ಗಡಿಯಾರದಲ್ಲಿ ಆರು ಐವತ್ತು. ಎರಡನೆಯ ಸುತ್ತಿನಲ್ಲಿ ಅನುಮಾನದಂಥ ಒಂದು ಒರಟುತನ. ಮೂರನೆಯದರಲ್ಲಿ ಸ್ಪಷ್ಟವಾದ ಕಾಳು. ನಾಲ್ಕು, ಐದು, ದಪ್ಪ ಕಾಳು. ಆರನೆಯದು, ಎಂದರೆ ಮೂವತ್ತೆರಡರಲ್ಲಿ ಒಂದು ಪಾಲು ಮಾಡಿ ನೀರಿನಂತಾದ ಸೀರಮ್, ಅದರಲ್ಲೂ ಕಾಳು. ಅವರು ಸ್ಲೈಡನ್ನು ತೊಳೆದು, ಒರೆಸಿ, ಹೊಸದಾಗಿ ಬೆರೆಸಿ, ಮೊದಲಿನಿಂದ ಇನ್ನೊಮ್ಮೆ ಮಾಡುತ್ತಾರೆ. ಮತ್ತೆ ಅದೇ ಉತ್ತರ. ಗ್ರಾಫ್ ಹಾಳೆಯಲ್ಲಿ ಇಳಿಯುತ್ತಿದ್ದ ಗೆರೆ ಒಂದೇ ನೆಗೆತಕ್ಕೆ ತುದಿ ಮುಟ್ಟುತ್ತದೆ.

ಏಳೂವರೆಗೆ ಅವರು ವಾರ್ಡಿಗೆ ಹೋಗುತ್ತಾರೆ. ತಿಮ್ಮೇಶ್ ಕೂದಲು ಬಾಚಿ, ಊರಿಗೆ ಹೊರಟವನಂತೆ ಅಂಗಿ ತೊಟ್ಟು ಕುಳಿತಿದ್ದಾನೆ. ಇವರನ್ನು ಕಂಡವನೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. “ಇನ್ನೂ ಎಷ್ಟಕ್ಕ ಹೀರೋದು? ನಿಮಗಿಂತ ನಮ್ಮೂರ್ ತಿಗಣೆನೇ ವಾಸಿ, ಹೊಟ್ಟೆ ತುಂಬಿದ್ರೆ ಬಿಡ್ತದೆ.” ನಗುತ್ತಾನೆ. ಆದರೆ ನಗುವಾಗ ಎಡಗಾಲನ್ನು ಮಾತ್ರ ಕದಲಿಸುವುದಿಲ್ಲ. ಮಂಗಳಗೌರಿ ಅದನ್ನು ನೋಡುತ್ತಾರೆ. ನೋವಿದೆಯೇ ಎಂದರೆ ಇಲ್ಲವೆನ್ನುತ್ತಾನೆ. ಜ್ವರ ಬಂದಿತ್ತೇ ಎಂದರೆ ಚಾರ್ಟು ನೋಡಿ ಎನ್ನುತ್ತಾನೆ. ಚಾರ್ಟಿನಲ್ಲಿ ಜ್ವರವಿಲ್ಲ. ಹಿಂದಿನ ಸಂಜೆ ತಾನೇ ಹೊರಗಿನ ಒಂದು ಲ್ಯಾಬಿನಿಂದ ಹುಡುಗನನ್ನು ಕರೆಸಿ, ರಕ್ತ ಕೊಟ್ಟು ತರಿಸಿಕೊಂಡ ರಿಪೋರ್ಟನ್ನು ದಿಂಬಿನ ಕೆಳಗಿನಿಂದ ತೆಗೆದು ತೋರಿಸುತ್ತಾನೆ. ಸಿ.ಆರ್.ಪಿ. ನೆಗೆಟಿವ್. ಹೊಲದಲ್ಲಿ ರಾಗಿ ಕೊಯ್ಲಾಗಿ ಬಿದ್ದಿದೆ, ಕಣ ಮಾಡಬೇಕು, ಅವ್ವ ಒಬ್ಬಳೇ ಏನು ಮಾಡಿಯಾಳು ಎನ್ನುವುದು ಅವನ ಅವಸರ.

ಕಾಗದದ ಜೊತೆಗೆ ದಿಂಬಿನ ಕೆಳಗಿನಿಂದ ಇನ್ನೊಂದು ವಸ್ತು ಜಾರಿ ನೆಲಕ್ಕೆ ಬೀಳುತ್ತದೆ. ಮಾತ್ರೆಯ ಪಟ್ಟಿ. ಹತ್ತರಲ್ಲಿ ಎಂಟು ಖಾಲಿ. ತಾಯಿ ವನಜಮ್ಮ ಬಗ್ಗಿ ಅದನ್ನು ಹೆಕ್ಕಿಕೊಳ್ಳುತ್ತಾಳೆ. “ಏನ್ಲಾ, ಹೇಳ್ಬುಡ್ಲಾ ಅಕ್ಕಂಗೆ?” ಎಂದು ಮಗನನ್ನು ಕೇಳಿ, ಅವನ ಉತ್ತರಕ್ಕೆ ಕಾಯದೆ ಹೇಳಿಯೇಬಿಡುತ್ತಾಳೆ. “ಎರಡ್ ದಿನದಿಂದ ಮೈ ಕಾವೇರ್ತದೆ ಕಣವ್ವ. ನರ್ಸಮ್ಮ ಜ್ವರ ನೋಡಾಕೆ ಬರೋಕೆ ಮುಂಚೆ ಒಂದೊಂದು ನುಂಗ್ತವ್ನೆ. ಗೊತ್ತಾದ್ರೆ ಬಿಡಾಕಿಲ್ವಂತೆ.”

ಊರಿನ ಹೆಣ್ಣುಮಗಳೆಂಬ ಸಲಿಗೆ ಇಲ್ಲದಿದ್ದರೆ ಆ ತಾಯಿ ಬಾಯಿ ಬಿಡುತ್ತಿದ್ದಳೋ ಇಲ್ಲವೋ. ಹಾಸಿಗೆ ಖಾಲಿ ಮಾಡುವ ಅವಸರದಲ್ಲಿ ಆಸ್ಪತ್ರೆ, ಕಣ ಮಾಡುವ ಅವಸರದಲ್ಲಿ ರೋಗಿ. ಇಬ್ಬರ ಅವಸರಕ್ಕೂ ಒಂದೇ ತೊಟ್ಟಿನ ರಿಪೋರ್ಟು ಸಾಕು. ನಮ್ಮ ಕಾಲದ ದೊಡ್ಡ ಅನ್ಯಾಯಗಳು ಹೀಗೆ ಯಾರ ದುಷ್ಟತನವೂ ಇಲ್ಲದೆ, ಎಲ್ಲರ ಒಪ್ಪಿಗೆಯಿಂದಲೇ ನಡೆದುಹೋಗುತ್ತವೆ.

ಒಂಬತ್ತಕ್ಕೆ ಸರ್ಜನ್ ಡಾ. ಲಕ್ಷ್ಮೀಕಾಂತ್ ಬರುತ್ತಾರೆ. ಮೂವತ್ತೆರಡರ ವಯಸ್ಸು, ಆಸ್ಪತ್ರೆಗೆ ಬಂದು ಒಂದು ವರ್ಷವೂ ಆಗಿಲ್ಲ, ಒಳ್ಳೆಯ ಕೈಗುಣವೆಂದು ಹೆಸರಿದೆ. ಮಂಗಳಗೌರಿ ಗ್ರಾಫ್ ಹಾಳೆಯನ್ನು ಮುಂದಿಟ್ಟು, ಮಾತ್ರೆಯ ವಿಷಯವನ್ನೂ ತಿಳಿಸುತ್ತಾರೆ. ಡಾಕ್ಟರು ತಿಮ್ಮೇಶನನ್ನು ಗದರುತ್ತಾರೆ. ಗಾಯದ ಪಟ್ಟಿ ಬಿಚ್ಚಿ ಹೊಲಿಗೆ ನೋಡುತ್ತಾರೆ. ಹೊಲಿಗೆ ಒಣಗಿದೆ, ಕೆಂಪೂ ಇಲ್ಲ. ನೆಗಡಿಯ ಜ್ವರವಿರಬಹುದು, ವಾರ್ಡಿನಲ್ಲಿ ಅರ್ಧ ಜನಕ್ಕೆ ನೆಗಡಿ ಎನ್ನುತ್ತಾರೆ. ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಹಿಡಿಯುತ್ತಾರೆ.

“ಹೊರಗಿನವರು ನೆಗೆಟಿವ್ ಅಂದಿದ್ದಾರೆ. ನೀವು ತುದಿ ಮುಟ್ಟಿದೆ ಅಂತೀರಿ. ಎರಡು ದಿನದ ಹಿಂದೆ ಇಳೀತಿದೆ ಅಂದೋರೂ ನೀವೇ. ನಿಮ್ಮ ಕಿಟ್ ಕೆಟ್ಟಿರಬೇಕು ಮೇಡಂ. ಇದನ್ನ ನಂಬಿ ಒಣಗಿರೋ ಗಾಯ ಹೇಗೆ ಬಿಚ್ಚಲಿ?”

ಮಾತು ಅನ್ಯಾಯದ್ದೇನಲ್ಲ. ಸುಮ್ಮನೆ ಗಾಯ ಬಿಚ್ಚುವುದೂ ಅಪಾಯವೇ. ವಾರ್ಡಿನ ಸಿಸ್ಟರು ಡಿಸ್ಚಾರ್ಜ್ ಹಾಳೆಯನ್ನು ಪೆನ್ನಿನ ಜೊತೆ ಚಾಚಿ ನಿಂತಿದ್ದಾರೆ. ಡಾಕ್ಟರು ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಮಂಗಳಗೌರಿಯವರ ಬಳಿ ಉಳಿದಿರುವ ಸಾಕ್ಷಿ ಒಂದೇ. ಅದನ್ನು ನುಡಿದರೆ ಈ ಕಾಲು ಉಳಿದೀತು, ಹದಿನಾಲ್ಕು ವರ್ಷದ ನೌಕರಿ ಉಳಿಯಲಿಕ್ಕಿಲ್ಲ.

“ಅವರು ಒಂದೇ ತೊಟ್ಟು ನೋಡಿರ್ತಾರೆ ಸರ್,” ಎನ್ನುತ್ತಾರೆ. “ನಾನೂ ಒಂದ್ಸಲ ಒಂದೇ ತೊಟ್ಟು ನೋಡಿದ್ದೆ. ತೊಂಬತ್ತಾರರಲ್ಲಿ, ಹಾಗಲವಾಡಿ ಕರಿಸಿದ್ದಪ್ಪ ಅಂತ. ಹಳೇ ಫೈಲು ತೆಗೆಸಿ ನೋಡಿ. ಕಾಲು ತೆಗೆದಿರೋ ಕಾಗದ ಕೊನೇಲಿ ಇದೆ. ಅದಕ್ಕೆ ಮುಂಚೆ ನೆಗೆಟಿವ್ ಅಂತ ಒಂದು ರಿಪೋರ್ಟ್ ಇದೆ. ಅದರ ಮೇಲಿರೋದು ನನ್ನ ಸೈನು.”

ಸಿಸ್ಟರು ಹಾಳೆಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾರೆ. ಡಾಕ್ಟರು ಇವರ ಮುಖವನ್ನು ನೋಡುತ್ತಾರೆ, ಗ್ರಾಫ್ ಹಾಳೆಯನ್ನು ನೋಡುತ್ತಾರೆ. ನೇರವಾಗಿ ಲ್ಯಾಬಿಗೆ ಇಳಿದು ಬರುತ್ತಾರೆ. ತಮ್ಮ ಕೈಯಾರೆ ಸೀರಮ್ಮಿಗೆ ಸಲೈನ್ ಬೆರೆಸುತ್ತಾರೆ, ತಾವೇ ಸ್ಲೈಡನ್ನು ತೂಗುತ್ತಾರೆ. ಮೊದಲನೆಯದು ನುಣ್ಣಗೆ. ಆರನೆಯದರಲ್ಲಿ ಕಾಳು. ಎರಡು ನಿಮಿಷ ಮುಗಿದ ಮೇಲೂ ಅವರು ಸ್ಲೈಡನ್ನು ಕೆಳಗಿಡದೆ ನಿಂತಿರುತ್ತಾರೆ.

ಮೇಲೆ ಹೋಗಿ ತಿಮ್ಮೇಶನ ಮೀನಖಂಡವನ್ನು ಆಳಕ್ಕೆ ಒತ್ತಿದಾಗ ಅವನು ಹಲ್ಲು ಕಚ್ಚಿಯೂ ತಡೆಯಲಾರದೆ ನರಳುತ್ತಾನೆ. ಹನ್ನೊಂದೂವರೆಗೆ ಆಪರೇಷನ್ ಥಿಯೇಟರು. ಹೊಲಿಗೆಯ ಕೆಳಗೆ, ಮೂಳೆಗೆ ಅಂಟಿಕೊಂಡಂತೆ, ಒಂದು ಲೋಟದಷ್ಟು ಕೀವು. ಸತ್ತ ಮಾಂಸವನ್ನು ತೆಗೆದು, ತೊಳೆದು, ಕೀವನ್ನು ಪರೀಕ್ಷೆಗೆ ಕಳಿಸಿ, ತಕ್ಕ ಔಷಧ ಶುರುಮಾಡುತ್ತಾರೆ. ರಾಡು ಅಲ್ಲೇ ಉಳಿಯಿತು. ಇನ್ನು ಒಂದು ವಾರ ತಡವಾಗಿದ್ದರೆ ರಾಡಿನ ಮಾತಿರಲಿ, ಕಾಲಿನ ಮಾತನ್ನೂ ಆಡುವಂತಿರಲಿಲ್ಲ ಎಂದು ಡಾ. ಲಕ್ಷ್ಮೀಕಾಂತ್ ವನಜಮ್ಮನಿಗೆ ಹೇಳುತ್ತಾರೆ. ಆ ತಾಯಿ ಡಾಕ್ಟರಿಗೆ ಕೈ ಮುಗಿಯುತ್ತಾಳೆ. ಅವರು ಲ್ಯಾಬಿನ ಕಡೆಗೆ ಕೈ ತೋರಿಸುತ್ತಾರೆ. ಈ ಆಸ್ಪತ್ರೆಯಲ್ಲಿ ಅಂಥದ್ದು ನಡೆದುದು ಅದೇ ಮೊದಲು.

ನಾಲ್ಕು ದಿನಗಳ ಮೇಲೆ ಮಂಗಳಗೌರಿಯವರ ಮೇಜಿಗೆ ಆಡಳಿತ ಕಚೇರಿಯಿಂದ ಒಂದು ಮೆಮೊ ಬರುತ್ತದೆ. 1996ರ ವರದಿಯ ವಿಷಯದಲ್ಲಿ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಒಂದು ತಿಂಗಳೊಳಗೆ ವಿವರಣೆ ನೀಡತಕ್ಕದ್ದು. ಹನ್ನೊಂದು ವರ್ಷ ಒಂದು ಕಾಲು ಏಕೆ ಹೋಯಿತೆಂದು ಕೇಳದ ಕಚೇರಿಗೆ, ಒಬ್ಬರು ನಿಜ ನುಡಿದ ವಾರದಲ್ಲೇ ಕರ್ತವ್ಯದ ನೆನಪಾಗುತ್ತದೆ! ಆದರೆ ಸೂಚನಾ ಪತ್ರದ ಹಿಂಬದಿಯನ್ನು ಯಾರೂ ಯಾಕೆ ಓದಿಸಲಿಲ್ಲ, ಹೊರಗಿನ ಎಷ್ಟು ಲ್ಯಾಬುಗಳಲ್ಲಿ ಇಂದಿಗೂ ಒಂದೇ ತೊಟ್ಟು ನೋಡುತ್ತಿದ್ದಾರೆ ಎಂಬ ಪ್ರಶ್ನೆಗಳಿಗೆ ಮೆಮೊ ಇಲ್ಲ. ಮಂಗಳಗೌರಿಯವರಿಗೆ ಆ ಸಿಟ್ಟಿಲ್ಲ. ಉತ್ತರವನ್ನು ಎರಡು ಪುಟ, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ. ಅದರಲ್ಲಿ ಒಂದು ನೆಪವೂ ಇಲ್ಲ. ಡಾ. ಲಕ್ಷ್ಮೀಕಾಂತ್ ಅದರ ಜೊತೆಗೆ ಆ ಆರುನೂರ ಹದಿನೆಂಟು ಗೆರೆಗಳ ನಕಲು ಲಗತ್ತಿಸಿದ್ದಾರೆ. ತೀರ್ಮಾನ ಇನ್ನೂ ಬಂದಿಲ್ಲ.

ತಮ್ಮ ಬಗ್ಗೆ ಬರೆಯಲು ಅವರು ಒಪ್ಪಿದ್ದು ಒಂದೇ ಶರತ್ತಿನ ಮೇಲೆ. “ಕರಿಸಿದ್ದಪ್ಪನೋರ್ ವಿಷಯ ಬಿಟ್ಟು ಬರೆಯೋದಾದ್ರೆ ಬರೀಲೇಬೇಡಿ. ಅದೂ ಒಂದೇ ಕಡೆ ಓದಿದ ಹಂಗೆ ಆಗುತ್ತೆ.” ಏನಾದರೂ ಆಸೆಯಿದೆಯೇ ಎಂದರೆ, ಆ ಎರಡು ಸಾಲನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರಿನ ಲ್ಯಾಬುಗಳ ಗೋಡೆಗೆ ಅಂಟಿಸಬೇಕು ಎನ್ನುತ್ತಾರೆ. ಅಂಟಿಸುವಾಗ ಹಿಂಬದಿ ಖಾಲಿ ಇರಬೇಕು ಎಂದು ಸೇರಿಸುತ್ತಾರೆ.

ಜನವರಿಯ ಕೊನೆಯ ಭಾನುವಾರ, ಕುಣಿಗಲ್ಲಿನ ಮೊದಲ ಬಸ್ಸಿಳಿದು ಅವರು ಕೊತ್ತಗೆರೆಗೆ ಹೋಗುತ್ತಾರೆ. ಕಣದ ಕೆಲಸ ಊರಿನವರ ಕೈಯಲ್ಲಿ ಮುಗಿದಿದೆ. ತಿಮ್ಮೇಶ್ ಊರುಗೋಲು ಪಕ್ಕಕ್ಕಿಟ್ಟು, ಈ ಸಲ ತಾನೇ ತೋಳು ಚಾಚುತ್ತಾನೆ. ರಕ್ತ ಫ್ಲಾಸ್ಕು ಸೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ತುಮಕೂರಿನ ಲ್ಯಾಬು ಸೇರುತ್ತದೆ. ಮೊದಲ ಸುತ್ತು ನುಣ್ಣಗಿದೆ. ಎರಡನೆಯದು ನುಣ್ಣಗಿದೆ. ಅವಸರವಿಲ್ಲದೆ ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಾರೆ. ಮೂರು, ನಾಲ್ಕು, ಐದು, ಆರು. ಗ್ರಾಫ್ ಹಾಳೆಯ ಕೆಳಗಿನ ಗೆರೆಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಾರೆ.

ಪ್ರತಿ ಗೆರೆ ನೆಲ ಮುಟ್ಟಿ ಮುಗಿದಾಗಲೂ ಅವರು ಮಾಡುವ ಒಂದು ಕೆಲಸವಿದೆ. ಮೊದಲು ಕಾಗದ ಬರೆಯುತ್ತಿದ್ದರು, ಈಗ ಮೊಬೈಲು. ಹಾಗಲವಾಡಿಯಲ್ಲಿ ಕರಿಸಿದ್ದಪ್ಪ ಹಗ್ಗ ಬದಿಗಿಟ್ಟು ಫೋನು ಎತ್ತುತ್ತಾರೆ. ಕುಶಲ ಕೇಳುವ ಪದ್ಧತಿ ಇಬ್ಬರಲ್ಲೂ ಇಲ್ಲ.

“ಎಷ್ಟ್ ಸುತ್ತು ನೋಡಿದ್ರಿ?”

“ಆರೂ ನೋಡ್ದೆ.”

ಆ ಕಡೆಯಿಂದ ಹಗ್ಗ ಹೊಸೆಯುವವನ ನಿಧಾನದ ದನಿ.

“ಹಂಗಾದ್ರೆ ಆ ಹುಡ್ಗ ನಡೀಲಿ ಬುಡಿ.”